ಹೊರಕ್ಕೆ ತೆರೆಯುವ ಬಾಗಿಲು

ನಮ್ಮ ಕಡೆಯ ಮನೆಗಳ ಬಾಗಿಲು ಒಳಮುಖವಾಗಿ ತೆರೆಯುತ್ತದೆ. ಬಂದವರನ್ನು ಒಳಗೆ ಕರೆಯುವ ಬಾಗಿಲು ಅದು. ಹೊರಕ್ಕೆ ತೆರೆಯುವಂತೆ ಇಡಿ ಎಂದು ಬಡಗಿಗೆ ಹೇಳಿದರೆ ಆತ ಒಮ್ಮೆ ನಮ್ಮ ಮುಖ ನೋಡುತ್ತಾನೆ. ಮಳೆಗೆ ಹಲಗೆ ಕೆಡುತ್ತದೆ, ಬಿಜಾಗರಿ ಹೊರಗೆ ಬಿದ್ದು ತುಕ್ಕು ಹಿಡಿಯುತ್ತದೆ, ಕಳ್ಳನಿಗೆ ಸುಲಭ ಎಂದು ಮೂರು ಕಾರಣ ಕೊಡುತ್ತಾನೆ. ಮೂರೂ ಸರಿಯೇ. ಆದರೆ ಬಾಗಿಲು ಹೊರಕ್ಕೇ ತೆರೆಯಬೇಕು ಎಂದು ಈ ದೇಶದ ಕಾನೂನಿನಲ್ಲಿ ಬರೆದ ಒಂದು ಜಾಗ ಇತ್ತು. ಹೆಚ್ಚು ಜನ ಓದಿದ ಜಾಗವಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 38ನೆಯ ಕಲಮು.

ಅದರ ಮಾತು ಬಹಳ ಸರಳ. ಒಳಗೆ ಒಬ್ಬರಾದರೂ ಇರುವಾಗ, ಒಳಗಿನಿಂದ ಸುಲಭವಾಗಿ ಕೂಡಲೇ ತೆರೆಯಲು ಆಗದ ಹಾಗೆ ಕೋಣೆಯ ಬಾಗಿಲಿಗೆ ಬೀಗ ಹಾಕಕೂಡದು. ಜಾರುವ ಬಾಗಿಲಲ್ಲದಿದ್ದರೆ ಅದು ಹೊರಮುಖವಾಗಿ ತೆರೆಯಬೇಕು. ಬೆಂಕಿಯಾದರೆ ಪಾರಾಗುವ ಕಿಟಕಿ ಬಾಗಿಲುಗಳ ಮೇಲೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಕೆಂಪು ಅಕ್ಷರದಲ್ಲಿ ಬರೆದಿರಬೇಕು. ಎಲ್ಲರಿಗೂ ಕೇಳುವಂಥ ಎಚ್ಚರಿಕೆಯ ಸದ್ದು ಇರಬೇಕು. ನಡೆಯುವ ದಾರಿ ತೆರವಾಗಿರಬೇಕು. 1987ರ ತಿದ್ದುಪಡಿಯಲ್ಲಿ ಇಂಥ ವಿವರಗಳು ರಾಜ್ಯದ ನಿಯಮಗಳ ಪಾಲಿಗೆ ಹೋದವು. ಕಾಯಿದೆಯಲ್ಲಿ ಉಳಿದದ್ದು ಅದರ ತಿರುಳು: ಪಾರಾಗುವ ದಾರಿ ಇರಬೇಕು, ಆ ದಾರಿ ಕೆಲಸಗಾರರಿಗೆಲ್ಲ ಗೊತ್ತಿರಬೇಕು, ಆ ಹೊತ್ತಿನಲ್ಲಿ ಏನು ಮಾಡಬೇಕೆಂಬ ಅಭ್ಯಾಸ ಅವರಿಗೆ ಆಗಿರಬೇಕು.

ಹೊರಕ್ಕೇ ಏಕೆ? ಹೆದರಿದ ಜನ ತಳ್ಳುತ್ತಾರೆ, ಎಳೆಯುವುದಿಲ್ಲ. ಮುಂದಿನವರು ಬಾಗಿಲು ಎಳೆಯಬೇಕೆಂದರೆ ಹಿಂದಿನವರು ಎರಡು ಹೆಜ್ಜೆ ಸರಿಯಬೇಕು. ಬೆಂಕಿಯ ಹೊತ್ತಿನಲ್ಲಿ ಯಾರೂ ಹಿಂದೆ ಸರಿಯುವುದಿಲ್ಲ. 1903ರ ಡಿಸೆಂಬರಿನಲ್ಲಿ ಚಿಕಾಗೋದ ಇರಾಕ್ವಾ ನಾಟಕಶಾಲೆ ಹೊತ್ತಿ ಉರಿದಾಗ ಆರುನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಒಳಕ್ಕೆ ತೆರೆಯುವ ಬಾಗಿಲುಗಳ ಹಿಂದೆ ಹೆಣಗಳು ರಾಶಿ ಬಿದ್ದಿದ್ದವು. ನಮ್ಮ ಬೆಂಗಳೂರಿನಲ್ಲಿಯೇ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಹೋದರು. ಹೆಚ್ಚಿನವರು ಮಕ್ಕಳು. ಅಲ್ಲಿಯೂ ಬೆಂಕಿಯ ಜೊತೆಗೆ ನೂಕುನುಗ್ಗಲೇ ಕೊಂದದ್ದು.

ನಾನು ಆ ಕಲಮನ್ನು ಓದಿದ್ದು ಕಾನೂನಿನ ಮೇಲಿನ ಪ್ರೀತಿಯಿಂದಲ್ಲ. 1988ರಲ್ಲಿ, ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಾಗ, ಕಾಣಿಯೂರಿನಿಂದ ಬಸ್ಸಿನಲ್ಲಿ ದಿನಾ ಹೋಗಿ ಬರುವಷ್ಟು ದೂರದ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ನನಗೆ ರೈಟರ ಕೆಲಸ ಸಿಕ್ಕಿತು. ಹೆಸರು ಇಲ್ಲಿ ಬೇಡ. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಹಾಜರಿ ಪುಸ್ತಕ, ಕೂಲಿಯ ಲೆಕ್ಕ, ಪಿ.ಎಫ್. ಕಾಗದಗಳ ಜೊತೆಗೆ ಕಾರ್ಖಾನೆ ಇನ್ಸ್‌ಪೆಕ್ಟರು ಬಂದಾಗ ತೋರಿಸುವ ರಿಜಿಸ್ಟರುಗಳೂ ನನ್ನ ಮೇಜಿನ ಮೇಲೆಯೇ ಇದ್ದವು. ಕಾಯಿದೆಯ ಒಂದು ಹಳೆಯ ಪುಸ್ತಕ ಕಪಾಟಿನಲ್ಲಿತ್ತು. ಮಧ್ಯಾಹ್ನ ಊಟದ ನಂತರ ಓದಲು ಬೇರೆ ಏನೂ ಇರಲಿಲ್ಲ.

ಈ ಜಿಲ್ಲೆಯಲ್ಲಿ ಹೆಂಗಸರು ಮನೆಯ ಹೊರಗೆ ಒಂದೇ ಮಾಡಿನ ಕೆಳಗೆ ನೂರಾರು ಜನ ಸೇರಿ ದುಡಿಯಲು ತೊಡಗಿದ್ದು ಇತ್ತೀಚೆಗಲ್ಲ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರ ಹಂಚಿನ ಕಾರ್ಖಾನೆ ಶುರುವಾಯಿತು. ಮುಂದೆ ನೇತ್ರಾವತಿಯ ದಡದುದ್ದಕ್ಕೂ ಹಂಚಿನ ಚಿಮಿಣಿಗಳೆದ್ದವು, ಮಣ್ಣು ಹೊತ್ತವರಲ್ಲಿ, ಹಂಚು ಸಾಗಿಸಿದವರಲ್ಲಿ ಹೆಂಗಸರು ಬಹಳ. ಇಪ್ಪತ್ತನೆಯ ಶತಮಾನದಲ್ಲಿ ಗೇರುಬೀಜ ಬಂತು. ಪೋರ್ಚುಗೀಸರು ತಂದ ಮರ ಗುಡ್ಡಗುಡ್ಡಗಳಲ್ಲಿ ತಾನೇ ಬೆಳೆದು, ಅದರ ಬೀಜ ಅಮೆರಿಕಕ್ಕೆ ಹೋಗುವ ಸರಕಾಯಿತು. ಬೀಡಿ ಬೇರೆ ಇತ್ತು, ಆದರೆ ಬೀಡಿಯವರು ಎಲೆ, ಹೊಗೆಸೊಪ್ಪು ಬ್ರಾಂಚಿನಿಂದ ತಂದು ಮನೆಯ ಜಗಲಿಯಲ್ಲಿ ಕಟ್ಟುವವರು. ಅವರ ಬಾಗಿಲು ಅವರ ಕೈಯಲ್ಲಿ. ಬೀಜದ ಫ್ಯಾಕ್ಟರಿಯವರದ್ದು ಹಾಗಲ್ಲ.

ಗೇರುಬೀಜದ ಫ್ಯಾಕ್ಟರಿಯ ಒಳಗನ್ನು ನೋಡದವರಿಗೆ ಒಂದಿಷ್ಟು ಹೇಳಬೇಕು. ಒಣಗಿಸಿದ ಬೀಜವನ್ನು ಮೊದಲು ಡ್ರಮ್ಮಿನಲ್ಲಿ ಹುರಿಯುತ್ತಿದ್ದರು, ಆಮೇಲೆ ಹೆಚ್ಚಿನ ಕಡೆ ಬಾಯ್ಲರಿನ ಹಬೆಯಲ್ಲಿ ಬೇಯಿಸುವುದು ಬಂತು. ನಂತರ ಕಟ್ಟಿಂಗ್. ಸಾಲಾಗಿ ಕೂತ ಹೆಂಗಸರು ಕೈಯಲ್ಲೂ ಕಾಲಿನಲ್ಲೂ ನಡೆಸುವ ಕತ್ತರಿಗೆ ಒಂದೊಂದೇ ಬೀಜ ಕೊಟ್ಟು ಚಿಪ್ಪು ಒಡೆಯಬೇಕು. ಚಿಪ್ಪಿನ ಎಣ್ಣೆ ತಾಗಿದರೆ ಚರ್ಮ ಸುಲಿಯುತ್ತದೆ. ಅದಕ್ಕೆ ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಹಚ್ಚಿಕೊಳ್ಳುವುದು. ಒಡೆದ ತಿರುಳು ಬೋರ್ಮಾ ಎಂಬ ಬಿಸಿ ಕೋಣೆಗೆ ಹೋಗುತ್ತದೆ. ಅಲ್ಲಿ ಒಣಗಿದ ಮೇಲೆ ಸಿಪ್ಪೆ ತೆಗೆಯುವ ಪೀಲಿಂಗ್, ಕೊನೆಗೆ ಗಾತ್ರ ಬಣ್ಣ ನೋಡಿ ಗ್ರೇಡಿಂಗ್. ಕೂಲಿ ಕಿಲೋ ಲೆಕ್ಕದಲ್ಲಿ. ಒಡೆದ ಚಿಪ್ಪೇ ಬಾಯ್ಲರಿಗೂ ಬೋರ್ಮಾಕ್ಕೂ ಸೌದೆ. ಆ ಚಿಪ್ಪಿನಲ್ಲಿ ಎಣ್ಣೆ ಇರುವುದರಿಂದ ಅದು ಹೊತ್ತಿಕೊಳ್ಳಲು ತಡವಿಲ್ಲ, ಆರಲು ಮನಸ್ಸಿಲ್ಲ. ಅದರ ಹೊಗೆ ಕಣ್ಣಿಗೂ ಗಂಟಲಿಗೂ ಖಾರ. ಬೆಂಕಿಗೆ ಬೇಕಾದದ್ದೆಲ್ಲ ಒಂದೇ ಮಾಡಿನ ಕೆಳಗೆ ಇತ್ತೆಂದು ಹೇಳಿದರೆ ಹೆಚ್ಚಾಗದು.

ಅಂಥ ಜಾಗದ ಬಾಗಿಲಿಗೆ ಬೀಗ. ಪೀಲಿಂಗ್ ಕೋಣೆಗೆ ಎರಡು ಬಾಗಿಲು. ಅಂಗಳದ ಕಡೆಯದಕ್ಕೆ ಬೆಳಿಗ್ಗೆ ಎಲ್ಲರೂ ಒಳಗೆ ಬಂದ ಮೇಲೆ ಬೀಗ ಬೀಳುತ್ತಿತ್ತು. ಕೀಲಿಕೈ ಸೂಪರ್‌ವೈಸರರ ಕಿಸೆಯಲ್ಲಿ. ಇನ್ನೊಂದು ಬಾಗಿಲು ಬೋರ್ಮಾದ ಪಕ್ಕದ ಓಣಿಗೆ. ಕಾರಣವನ್ನು ಯಾರೂ ಮುಚ್ಚಿಡುತ್ತಿರಲಿಲ್ಲ: ತಿರುಳು ಕದಿಯುತ್ತಾರೆ. ಸಂಜೆ ಮನೆಗೆ ಹೊರಟಾಗ ಬುತ್ತಿಯ ಡಬ್ಬಿ ತೆರೆದು ತೋರಿಸಬೇಕು, ಸೆರಗು ಕೊಡವಬೇಕು. ಅವರ ಕೈಯಿಂದ ದಿನಕ್ಕೆ ಎಷ್ಟು ಕಿಲೋ ತಿರುಳು ದಾಟಿ ಹೋಗುತ್ತಿತ್ತೆಂದು ಲೆಕ್ಕ ಬರೆಯುತ್ತಿದ್ದವಳು ನಾನು. ಅಂಗಡಿಯಲ್ಲಿ ಅದರ ಕ್ರಯ ಕೇಳಿ ಹಬ್ಬಕ್ಕೆ ಐವತ್ತು ಗ್ರಾಮು ಕಟ್ಟಿಸಿಕೊಂಡು ಹೋಗುತ್ತಿದ್ದವರೂ ಅವರೇ.

ಈ ಬೀಗದ ಚರಿತ್ರೆ ನಮ್ಮ ಊರಿನದ್ದು ಮಾತ್ರವಲ್ಲ ಎಂದು ತಿಳಿದಾಗ ನನಗೆ ಒಂದು ಬಗೆಯ ಸಂಕಟವಾಯಿತು. 1911ರ ಮಾರ್ಚ್ 25, ಶನಿವಾರ. ನ್ಯೂಯಾರ್ಕಿನಲ್ಲಿ ಟ್ರಯಾಂಗಲ್ ಎಂಬ ಹೆಂಗಸರ ರವಿಕೆ ಹೊಲಿಯುವ ಕಾರ್ಖಾನೆ. ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಮಹಡಿ ಅದರದ್ದು. ಕೆಲಸಕ್ಕಿದ್ದವರು ಇಟಲಿಯಿಂದ, ಪೂರ್ವ ಯುರೋಪಿನಿಂದ ಬಂದ ಬಡ ಹುಡುಗಿಯರು. ಬಹಳ ಮಂದಿ ಇಪ್ಪತ್ತರ ಆಚೀಚಿನವರು. ವಾರದ ಕೆಲಸ ಮುಗಿದು ಮನೆಗೆ ಹೊರಡುವ ಹೊತ್ತಿಗೆ ಎಂಟನೆಯ ಮಹಡಿಯಲ್ಲಿ ಮೇಜಿನ ಕೆಳಗಿದ್ದ ಬಟ್ಟೆಚೂರಿನ ರಾಶಿಗೆ ಬೆಂಕಿ ಹಿಡಿಯಿತು. ಎಂಟನೆಯವರು ಹತ್ತನೆಯ ಮಹಡಿಯ ಕಚೇರಿಗೆ ಟೆಲಿಫೋನ್ ಮಾಡಿ ಹೇಳಿದರು. ಮಾಲೀಕರಿದ್ದ ಹತ್ತನೆಯವರು ಹೆಚ್ಚು ಕಡಿಮೆ ಎಲ್ಲರೂ ಮಾಡಿನ ಮೇಲೆ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿ ಉಳಿದರು. ನಡುವಿನ ಒಂಬತ್ತನೆಯ ಮಹಡಿಗೆ ಯಾರೂ ಸುದ್ದಿ ಕೊಡಲಿಲ್ಲ. ಅಲ್ಲಿಯವರಿಗೆ ಸುದ್ದಿ ತಂದದ್ದು ಬೆಂಕಿಯೇ. ಒಂದು ಮೆಟ್ಟಿಲಿನ ದಾರಿಯನ್ನು ಬೆಂಕಿ ಕಟ್ಟಿತು. ಇನ್ನೊಂದರ ಬಾಗಿಲಿಗೆ ಬೀಗವಿತ್ತು. ಕಟ್ಟಡದ ಹೊರಗಿದ್ದ ಕಬ್ಬಿಣದ ಏಣಿ ಜನರ ಭಾರಕ್ಕೆ ಕಳಚಿ ಬಿತ್ತು. ಅಗ್ನಿಶಾಮಕ ದಳದವರ ಏಣಿ ಆರನೆಯ ಮಹಡಿಗಿಂತ ಮೇಲೆ ಮುಟ್ಟಲಿಲ್ಲ. 146 ಜನ ಸತ್ತರು, ಅವರಲ್ಲಿ 123 ಮಂದಿ ಹೆಂಗಸರು, ಹುಡುಗಿಯರು. ಎಷ್ಟೋ ಮಂದಿ ಕಿಟಕಿಯಿಂದ ಹಾರಿದರು.

ಬೀಗ ಏಕೆ ಇತ್ತು? ಹೊಲಿದ ರವಿಕೆ ಕದಿಯುತ್ತಾರೆಂದು. ಹುಡುಗಿಯರು ಒಂದೇ ಬಾಗಿಲಿನಿಂದ ಹೊರಡಬೇಕು, ಅಲ್ಲಿ ಕಾವಲುಗಾರನಿಗೆ ತಮ್ಮ ಚೀಲ ತೆರೆದು ತೋರಿಸಬೇಕು. ಅದೇ ಬುತ್ತಿ ಡಬ್ಬಿ, ಅದೇ ಸೆರಗು.

ಮಾಲೀಕರಿಬ್ಬರ ಮೇಲೆ ಮೊಕದ್ದಮೆ ನಡೆಯಿತು. ಬೀಗ ಹಾಕಿದ್ದು ಅವರಿಗೆ ಆ ಹೊತ್ತಿನಲ್ಲಿ ತಿಳಿದಿತ್ತೆಂದು ಸಾಬೀತಾಗದೆ ಬಿಡುಗಡೆಯಾದರು. ಮುಂದೆ 1914ರಲ್ಲಿ ಸತ್ತ ಒಂದು ಜೀವಕ್ಕೆ 75 ಡಾಲರಿನಂತೆ ಕೊಟ್ಟು ರಾಜಿಯಾಯಿತು. ಇದರ ನಡುವೆ 1913ರಲ್ಲಿ ಆ ಮಾಲೀಕರಲ್ಲಿ ಒಬ್ಬರು ಮತ್ತೆ ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದು 20 ಡಾಲರು ದಂಡ ತೆತ್ತರು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ. ಆದರೆ ಆ ಶನಿವಾರ ಬೀದಿಯಲ್ಲಿ ನಿಂತು ಹುಡುಗಿಯರು ಹಾರುವುದನ್ನು ಕಂಡವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಹೆಂಗಸೂ ಇದ್ದರು. ನ್ಯೂಯಾರ್ಕಿನ ಸರಕಾರ ನೇಮಿಸಿದ ತನಿಖಾ ಆಯೋಗಕ್ಕಾಗಿ ಅವರು ದುಡಿದರು. ಮೂರು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಕಾನೂನುಗಳು ಬಂದವು. ಬೀಗವಿಲ್ಲದ ಬಾಗಿಲು, ಬೆಂಕಿಯಾದಂತೆ ನಟಿಸಿ ಹೊರಗೆ ಓಡುವ ಅಭ್ಯಾಸ, ಎಲ್ಲವೂ ಅದರಲ್ಲಿ. 1933ರಲ್ಲಿ ಪರ್ಕಿನ್ಸ್ ಅಮೆರಿಕದ ಕಾರ್ಮಿಕ ಮಂತ್ರಿಯಾದರು, ಆ ದೇಶದ ಸಂಪುಟದ ಮೊದಲ ಮಹಿಳೆ.

ನಮ್ಮಲ್ಲಿ ಕಾಗದ ಇರಲಿಲ್ಲ ಎಂದಲ್ಲ. ರಾಜ್ಯದ ಕಾರ್ಖಾನೆ ನಿಯಮಗಳು 1969ರಲ್ಲಿಯೇ ಬಂದಿದ್ದವು. ಆಗಿನ್ನೂ ರಾಜ್ಯದ ಹೆಸರು ಮೈಸೂರು. ಭೋಪಾಲದ ನಂತರ ಎಲ್ಲರಿಗೂ ಒಮ್ಮೆ ಎಚ್ಚರವಾಯಿತು. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಕೀಟನಾಶಕದ ಕಾರ್ಖಾನೆಯಿಂದ ವಿಷಾನಿಲ ಸೋರಿ, ಸರಕಾರದ ಲೆಕ್ಕದಲ್ಲಿಯೇ ಸಾವಿರಾರು ಜನ ಸತ್ತರು. ಕಾರ್ಖಾನೆಯ ಗೋಡೆಯಾಚೆ ಮಲಗಿದ್ದವರಿಗೆ ಒಳಗೆ ಏನಿದೆ ಎಂದೇ ಗೊತ್ತಿರಲಿಲ್ಲ. ಊರಿಗೆ ಕೇಳಬೇಕಾದ ಸೈರನ್ನನ್ನು ಸ್ವಲ್ಪ ಹೊತ್ತಿನಲ್ಲಿಯೇ ನಿಲ್ಲಿಸಿದ್ದರು. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಂಡರೆ ಒಂದಿಷ್ಟಾದರೂ ತಡೆಯುತ್ತದೆ ಎಂಬ ಮಾತನ್ನು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಅದಕ್ಕಾಗಿಯೇ 1987ರಲ್ಲಿ ಕಾಯಿದೆಗೆ ಹೊಸ ಅಧ್ಯಾಯ ಸೇರಿತು. ಅಪಾಯದ ಪ್ರಕ್ರಿಯೆ ನಡೆಸುವ ಕಾರ್ಖಾನೆಯವರು ತುರ್ತು ಯೋಜನೆ ಬರೆದು ಮುಖ್ಯ ಇನ್ಸ್‌ಪೆಕ್ಟರರ ಒಪ್ಪಿಗೆ ಪಡೆಯಬೇಕು, ಅದನ್ನು ಕೆಲಸಗಾರರಿಗೂ ನೆರೆಯ ಜನರಿಗೂ ತಿಳಿಸಬೇಕು. 1989ರಲ್ಲಿ ರಾಸಾಯನಿಕಗಳ ಬಗ್ಗೆ ಬೇರೆ ನಿಯಮ ಬಂತು. ಗೋಡೆಯ ಹೊರಗಿನ ಯೋಜನೆ ಜಿಲ್ಲಾಧಿಕಾರಿಗಳ ಜವಾಬ್ದಾರಿ, ಒಳಗಿನದ್ದಕ್ಕೆ ಆರು ತಿಂಗಳಿಗೊಮ್ಮೆ ಅಣಕು ಪ್ರದರ್ಶನ ಎಂದೆಲ್ಲ ನಿಗದಿಯಾಯಿತು. ಗೊಬ್ಬರ, ಪೆಟ್ರೋಲಿಯಂ, ಸಿಮೆಂಟು ಆ ಅಪಾಯದ ಪಟ್ಟಿಯಲ್ಲಿದ್ದವು. ಗೇರುಬೀಜ ಇರಲಿಲ್ಲ. ನಮ್ಮ ಪಾಲಿಗೆ 38ನೆಯ ಕಲಮೇ ಗತಿ.

ಆದರೂ ನಮ್ಮ ಫ್ಯಾಕ್ಟರಿಯಲ್ಲಿಯೂ ಒಂದು ಯೋಜನೆ ಇತ್ತು. ನಾನು ಸೇರುವ ಮೊದಲೇ ಯಾರೋ ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಧಣಿಗಳ ಕುರ್ಚಿಯ ಹಿಂದೆ ಗಾಜು ಹಾಕಿ ತೂಗಿಸಿದ್ದರು. ಎರಡನೆಯ ಮಹಡಿಯವರು ಪೂರ್ವದ ಮೆಟ್ಟಿಲಿನಿಂದ ಇಳಿಯಬೇಕು ಎಂದು ಅದರಲ್ಲಿತ್ತು. ನಮ್ಮದು ಹಂಚಿನ ಮಾಡಿನ, ನೆಲ ಬಿಟ್ಟು ಮೇಲೇಳದ ಕಟ್ಟಡ! ಯಾವ ಊರಿನ ಯಾವ ಗಿರಣಿಯ ಕಾಗದವೋ. ಹೊರಗೆ ಬಂದವರು ಎದುರಿನ ಅಂಗಳದಲ್ಲಿ ಸೇರಬೇಕು ಎಂದಿತ್ತು. ಎದುರಿನ ಅಂಗಳದಲ್ಲಿ ಬೇಸಿಗೆಯುದ್ದಕ್ಕೂ ಚಿಪ್ಪಿನ ರಾಶಿ.

ಬೆಂಕಿ ಆದದ್ದು 1992ರ ಏಪ್ರಿಲಿನಲ್ಲಿ, ಬೀಜದ ಸುಗ್ಗಿಯ ಕಾಲದಲ್ಲಿ. ಹತ್ತೂವರೆಯ ಚಹಾದ ಹೊತ್ತು. ಬೋರ್ಮಾದ ಒಲೆಯ ಬಾಯಿಯಿಂದ ಬಿದ್ದ ಕೆಂಡ ಓಣಿಯಲ್ಲಿದ್ದ ಚಿಪ್ಪಿನ ಗೋಣಿಗೆ ಹಿಡಿಯಿತು. ಕಪ್ಪು ಹೊಗೆ ಪೀಲಿಂಗ್ ಕೋಣೆಗೆ ನುಗ್ಗಿದ್ದು ಆ ಓಣಿಯ ಬಾಗಿಲಿನಿಂದಲೇ. ಒಳಗೆ ಅರುವತ್ತಕ್ಕೂ ಹೆಚ್ಚು ಹೆಂಗಸರು. ಅಂಗಳದ ಬಾಗಿಲಿಗೆ ಬೀಗ. ಸೂಪರ್‌ವೈಸರರು ರಸ್ತೆಯಾಚೆ ಹೋಟೆಲಿನಲ್ಲಿ. ನಾನು ಆಫೀಸಿನಿಂದ ಅಂಗಳಕ್ಕೆ ಬಂದಾಗ ಕಂಡದ್ದು ಆ ಬಾಗಿಲು ಒಳಗಿನ ಏಟಿಗೆ ನಡುಗುತ್ತಿದ್ದುದು. ಕೂಗು ಕೇಳಿಸಿದ್ದು ಆಮೇಲೆ. ಬಾಯ್ಲರಿನವನು ಹಾರೆ ತಂದು ಬೀಗದ ಕೊಂಡಿಯನ್ನೇ ಮೀಟಿ ಕಿತ್ತ. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಒಳಗಿನವರು ಅದಕ್ಕೆ ಒತ್ತಿಕೊಂಡಿದ್ದರು, ತೆರೆಯಲಿಲ್ಲ. ಅವನು, ಲಾರಿಯ ಇಬ್ಬರು ಹುಡುಗರು ಬಿಜಾಗರಿಗೇ ಹಾರೆ ಹಾಕಿ ಬಾಗಿಲನ್ನು ಚೌಕಟ್ಟಿನಿಂದ ಬಿಡಿಸಿದರು. ಬಾಗಿಲಿನೊಡನೆ ನಾಲ್ಕೈದು ಮಂದಿ ಹೊರಗೆ ಬಿದ್ದರು. ಪುತ್ತೂರಿನಿಂದ ಬೆಂಕಿಯ ಗಾಡಿ ಬರುವ ಹೊತ್ತಿಗೆ ಬಾವಿಯ ನೀರು, ಹೊಯಿಗೆ ಹಾಕಿ ಬೆಂಕಿಯನ್ನು ಓಣಿಯಲ್ಲಿಯೇ ತಡೆದಿದ್ದರು. ಯಾರೂ ಸಾಯಲಿಲ್ಲ. ಇಬ್ಬರಿಗೆ ಸುಟ್ಟಗಾಯ, ಹೊಗೆ ಕುಡಿದವರು ಹಲವರು.

ಆ ಕೆಲವು ನಿಮಿಷಗಳಲ್ಲಿ ನಾನು ಕಂಡ ಇನ್ನೆರಡು ಸಂಗತಿಗಳು ಯಾವ ಕಾಯಿದೆಯ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಒಂದು, ತೊಟ್ಟಿಲ ಕೋಣೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಮಕ್ಕಳಿಗೆ ಕೋಣೆ ಇರಬೇಕೆಂದು ಅದೇ ಕಾಯಿದೆ ಹೇಳಿತ್ತು. ನಮ್ಮಲ್ಲಿಯೂ ಇತ್ತು, ಕಟ್ಟಡದ ಹಿಂಬದಿಗೆ, ಬೋರ್ಮಾದಿಂದ ಸಾಕಷ್ಟು ದೂರ. ಮಕ್ಕಳಿಗೆ ಯಾವ ಅಪಾಯವೂ ಇರಲಿಲ್ಲ. ಆಯಾ ಆಗಲೇ ಅವರನ್ನು ಹಿಂದಿನ ತೆಂಗಿನ ತೋಟಕ್ಕೆ ಕರೆದುಕೊಂಡು ಹೋಗಿದ್ದಳು. ಆದರೆ ಇದು ತಾಯಂದಿರಿಗೆ ಹೇಗೆ ಗೊತ್ತಾಗಬೇಕು? ಬಾಗಿಲು ಕಿತ್ತು ಹೊರಗೆ ಬಂದವರಲ್ಲಿ ಐದಾರು ಮಂದಿ ಒಂದು ಕ್ಷಣವೂ ನಿಲ್ಲದೆ ಮತ್ತೆ ಕಟ್ಟಡದೊಳಗೆ, ಹೊಗೆಯ ಒಳಗೇ ತಿರುಗಿ ಓಡಿದರು. ತೊಟ್ಟಿಲ ಕೋಣೆಗೆ ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಅವರನ್ನು ಹಿಡಿದೆಳೆಯಲು ಹೋದವರಿಗೇ ಹೆಚ್ಚು ಹೊಗೆ ತಾಗಿದ್ದು. ಪಾರಾಗುವ ಯೋಜನೆ ಬರೆಯುವವರು ಎಲ್ಲರೂ ಹೊರಕ್ಕೆ ಓಡುತ್ತಾರೆಂದು ತಿಳಿದಿರುತ್ತಾರೆ. ಒಳಕ್ಕೆ ಓಡುವವರು ಇರುತ್ತಾರೆ, ಅವರೆಲ್ಲ ತಾಯಂದಿರು. ಮಕ್ಕಳನ್ನು ತರುವುದು ಯಾರು, ಎಲ್ಲಿಗೆ ತರುತ್ತಾರೆ ಎಂದು ಪ್ರತಿಯೊಬ್ಬ ತಾಯಿಗೂ ಮೊದಲೇ ಗೊತ್ತಿದ್ದರೆ ಮಾತ್ರ ಅವಳ ಕಾಲು ಹೊರಕ್ಕೆ ಏಳುತ್ತದೆ.

ಇನ್ನೊಂದು, ಎಣಿಕೆ. ಧಣಿಗಳು ಅಂಗಳದಲ್ಲಿ ನಿಂತು ಎಲ್ಲರೂ ಬಂದರಾ ಎಂದು ಕೂಗುತ್ತಿದ್ದರು. ಎಲ್ಲರೂ ಹೌದೆಂದು ಕೂಗುತ್ತಿದ್ದರು. ಹಾಜರಿ ಪುಸ್ತಕ ಆಫೀಸಿನಲ್ಲಿ. ಆಗ ಹಿರಿಯ ಹೆಂಗಸೊಬ್ಬರು, ಇಪ್ಪತ್ತು ವರ್ಷದಿಂದ ಬೀಜ ಸುಲಿದವರು, ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ನಿಮ್ಮ ನಿಮ್ಮ ಸಾಲಲ್ಲಿ ಕೂತ್ಕೊಳ್ಳಿ, ಒಳಗೆ ಹೇಗೆ ಕೂತಿದ್ದೀರೋ ಹಾಗೆ" ಎಂದರು. ಕೆಮ್ಮುತ್ತ, ಅಳುತ್ತ ಅವರೆಲ್ಲ ಮಣ್ಣಿನಲ್ಲಿ ಸಾಲಾಗಿ ಕೂತರು. ಖಾಲಿ ಜಾಗ ಯಾವುದೆಂದು ಯಾರೂ ಹೇಳಬೇಕಾಗಲಿಲ್ಲ. ಮೂರನೆಯ ಸಾಲಿನ ಕೊನೆಯ ಹುಡುಗಿ ಇಲ್ಲ. ಅವಳು ನೀರು ಕುಡಿಯಲು ಹೋಗಿದ್ದವಳು ಬಾವಿಕಟ್ಟೆಯ ಹತ್ತಿರ ತಲೆತಿರುಗಿ ಕೂತಿದ್ದಳು, ಸಿಕ್ಕಿದಳು. ಮುಂದೆ ದೊಡ್ಡ ಕಾರ್ಖಾನೆಗಳ ಯೋಜನೆಗಳನ್ನು ಓದಿದಾಗ, ಸೇರುವ ಜಾಗ, ತಲೆಯೆಣಿಕೆ, ವಿಭಾಗಕ್ಕೊಬ್ಬ ವಾರ್ಡನ್ ಎಂದು ಪುಟಗಟ್ಟಲೆ ಬರೆದದ್ದು ನೋಡಿದೆ. ದೊಡ್ಡಕ್ಕ ಅದನ್ನು ಒಂದು ವಾಕ್ಯದಲ್ಲಿ ಮಾಡಿ ಮುಗಿಸಿದ್ದರು.

ಆ ಮೇಲೆ ಧಣಿಗಳು ಬದಲಾದರು ಎಂದೇ ಹೇಳಬೇಕು, ಅಥವಾ ಹೆದರಿದರು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂಡಿಸಿದರು. ಬೀಗದ ಬದಲು ಒಳಗಿನ ಚಿಲಕ. ಬುತ್ತಿ ಡಬ್ಬಿಯ ತಪಾಸಣೆ ಕಟ್ಟಡದ ಬಾಗಿಲಿನಿಂದ ರಸ್ತೆಯ ಗೇಟಿಗೆ ಹೋಯಿತು. ಸೆರಗು ಕೊಡವುವುದು ಮಾತ್ರ ನಿಲ್ಲಲಿಲ್ಲ. ವರ್ಷದ ಕೊನೆಗೆ ತಿರುಳಿನ ಲೆಕ್ಕ ನಾನೇ ಹಾಕಿದೆ. ಬೀಗವಿದ್ದ ವರ್ಷಕ್ಕೂ ಇಲ್ಲದ ವರ್ಷಕ್ಕೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಕೆಂಪು ಅಕ್ಷರದ ಬೋರ್ಡೂ ಬಂತು, ಕನ್ನಡದಲ್ಲಿ. ಅಲ್ಲಿ ದುಡಿಯುತ್ತಿದ್ದವರ ಮನೆಮಾತು ಹೆಚ್ಚಾಗಿ ತುಳು, ಕೆಲವರದ್ದು ಅರೆಭಾಷೆ, ಬ್ಯಾರಿ, ಮಲಯಾಳ. ಕನ್ನಡ ಅವರಿಗೆ ಶಾಲೆಯ ಭಾಷೆ, ಶಾಲೆಗೆ ಹೋದವರಿಗೆ. ಬೆಂಕಿಯ ಹೊತ್ತಿನಲ್ಲಿ ಯಾರೂ ಶಾಲೆಯ ಭಾಷೆಯಲ್ಲಿ ಕೂಗುವುದಿಲ್ಲ. ತುಳುವಿನಲ್ಲಿ ಬೆಂಕಿಗೆ ತೂ ಎನ್ನುತ್ತಾರೆ. ಘಟ್ಟದ ಮೇಲಿನಿಂದ ಬಂದಿದ್ದ ನಮ್ಮ ಅಕೌಂಟೆಂಟರು ಆ ದಿನ ಯಾರೋ ತಮ್ಮ ಮುಖಕ್ಕೆ ಥೂ ಎಂದರೆಂದು ಒಂದು ಗಳಿಗೆ ಸಿಟ್ಟಾಗಿದ್ದರಂತೆ. ನಗು ಬರುತ್ತದೆ, ಆದರೆ ಆ ಗಳಿಗೆಯೂ ಒಂದು ಗಳಿಗೆಯೇ. ಈಗ ಇಂಥ ಕೆಲಸಕ್ಕೆ ಅಸ್ಸಾಮಿನ ಕಡೆಯಿಂದಲೂ ಝಾರ್ಖಂಡಿನಿಂದಲೂ ಹುಡುಗಿಯರು ಬರುತ್ತಾರೆ. ಹೆಚ್ಚಿನವರ ಭಾಷೆ ಯಾವುದೆಂದು ಬೋರ್ಡು ಬರೆಯುವವರು ವರ್ಷವರ್ಷವೂ ಕೇಳಿ ನೋಡಬೇಕು.

ನಮ್ಮ ಹಳ್ಳಿಯವರಿಗೆ ಮುಂಜಾಗ್ರತೆಯೇ ಗೊತ್ತಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಬಹುಕಾಲ ಬಳಸದ ಬಾವಿಗೆ ಇಳಿಯುವ ಮೊದಲು ನಮ್ಮ ಹಿರಿಯರು ಹಗ್ಗದಲ್ಲಿ ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯಕೂಡದು. ಅದೂ ಬರೆಯದ ಒಂದು ತುರ್ತು ಯೋಜನೆಯೇ. ಆದರೆ ಹೊಸ ಅಪಾಯಗಳಿಗೆ ಹಳೆಯ ದೀಪ ಸಾಲದು. 2022ರ ಏಪ್ರಿಲಿನಲ್ಲಿ ಮಂಗಳೂರು ಬಳಿಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣೆಯ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಒಬ್ಬ ಇಳಿದ, ಕುಸಿದ. ಅವನನ್ನು ಎತ್ತಲು ಒಬ್ಬರ ಹಿಂದೆ ಒಬ್ಬರು ಇಳಿದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐದು ಮಂದಿ ಯುವಕರು ಸತ್ತರು. ಕೊಳೆತ ಕಡೆ ಹುಟ್ಟುವ ವಿಷಾನಿಲ ಹೆಚ್ಚಾದಾಗ ಮೂಗು ಅದರ ವಾಸನೆಯನ್ನೇ ಕಳೆದುಕೊಳ್ಳುತ್ತದೆ, ದೀಪವೂ ಉರಿಯುತ್ತಲೇ ಇರಬಹುದು. ಬಿದ್ದವನನ್ನು ನೋಡಿ ಕೈಕಟ್ಟಿ ನಿಲ್ಲು, ಸಲಕರಣೆ ಬರುವ ತನಕ ಇಳಿಯಬೇಡ ಎಂದು ಕಲಿಸುವುದು ಎಷ್ಟು ಕಷ್ಟದ ಪಾಠ ಎಂದು ಯೋಚಿಸಿ. ಮಾಡಿ ಮಾಡಿ ಅಭ್ಯಾಸವಾಗದೆ ಅದು ಯಾರ ಮೈಗೂ ಹತ್ತುವುದಿಲ್ಲ.

ಗೋಡೆಯಾಚೆಯ ಯೋಜನೆಯ ಮಾತು ಹೇಳಿದೆನಲ್ಲ, ಅದು ಮನೆಯಲ್ಲಿರುವ ಹೆಂಗಸರಿಗೇ ಸೇರಿದ್ದು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಹೆದ್ದಾರಿಯ ಮೇಲೆ ಅಡಿಗೆ ಅನಿಲದ ಟ್ಯಾಂಕರು ಮಗುಚಿತು. ಸೋರಿದ ಅನಿಲಕ್ಕೆ ಬೆಂಕಿ ಹತ್ತಿ ರಸ್ತೆ ಬದಿಯ ಮನೆಗಳವರೆಗೂ ಹಬ್ಬಿತು. ತಮ್ಮ ಪಾಡಿಗೆ ತಾವಿದ್ದವರು ಸುಟ್ಟು ಸತ್ತರು. ಈ ಅನಿಲ ಗಾಳಿಗಿಂತ ಭಾರ, ತಗ್ಗಿಗೆ ಹರಿದು ನಿಲ್ಲುತ್ತದೆ. ಹೆದ್ದಾರಿಯ ಬದಿಯಲ್ಲಿ ಮನೆಯಿದ್ದವರು ಟ್ಯಾಂಕರು ಬಿದ್ದ ಸುದ್ದಿ ಕೇಳಿದ ಕೂಡಲೇ ಒಲೆ ಆರಿಸಬೇಕು, ದೇವರ ದೀಪವನ್ನೂ ಆರಿಸಬೇಕು, ಸ್ವಿಚ್ಚು ಮುಟ್ಟಬಾರದು, ಗಾಳಿ ಬರುವ ದಿಕ್ಕಿನ ಎತ್ತರಕ್ಕೆ ಹೋಗಬೇಕು, ನೋಡಲು ಹೋಗಬಾರದು. ದೇವರ ದೀಪ ಆರಿಸಬೇಕೆಂದು ಹೇಳಿದರೆ ನಮ್ಮಲ್ಲಿ ಕೆಲವರು ಈಗಲೂ ಹಿಂಜರಿಯುತ್ತಾರೆ.

ಕಾನೂನು ಈಗ ಬದಲಾಗಿದೆ. 1948ರ ಕಾಯಿದೆಯ ಜಾಗಕ್ಕೆ, 2020ರಲ್ಲಿ ಸಂಸತ್ತು ಒಪ್ಪಿದ ಕೆಲಸದ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಿಂದ ಬಂತು. ಅದರಲ್ಲಿ ಒಳ್ಳೆಯದೂ ಇದೆ. ಹೆಂಗಸರು ಒಪ್ಪಿದರೆ, ರಕ್ಷಣೆಯ ಏರ್ಪಾಡಿದ್ದರೆ, ರಾತ್ರಿ ಪಾಳಿಯಲ್ಲೂ ದುಡಿಯಬಹುದು. ಆದರೆ ಒಂದು ಅಂಕೆ ನನ್ನನ್ನು ಕಾಡುತ್ತದೆ. ಕರೆಂಟು ಬಳಸುವ ಕಡೆ ಹತ್ತು ಜನ ಇದ್ದರೆ ಹಿಂದೆ ಅದು ಕಾರ್ಖಾನೆ. ಈಗ ಇಪ್ಪತ್ತು ಜನ ಬೇಕು. ಹತ್ತು ಜನ ದುಡಿಯುವ ಯಾವ ಜಾಗಕ್ಕೂ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ, ನಿಜ. ಆದರೆ ಕಾರ್ಖಾನೆ ಎಂಬ ಹೆಸರು ಹೋದರೆ ಇನ್ಸ್‌ಪೆಕ್ಟರರ ಜೀಪು ಬರುವ ದಾರಿಯೂ ಮರೆತುಹೋಗುತ್ತದೆಂದು ಹಳೆಯ ರೈಟರಳಿಗೆ ಗೊತ್ತು. ನಮ್ಮ ಕಡೆ ಈಗ ದೊಡ್ಡ ಫ್ಯಾಕ್ಟರಿಗಳಿಗಿಂತ ಸಣ್ಣ ಸಣ್ಣ ಶೆಡ್ಡುಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ತಗಡಿನ ಮಾಡು, ಎದುರಿಗೆ ಮೇಲಕ್ಕೆ ಎತ್ತುವ ಶಟರು. ಆ ಶಟರು ಒಳಕ್ಕೂ ಅಲ್ಲ, ಹೊರಕ್ಕೂ ಅಲ್ಲ.

ನಮ್ಮ ನೆರೆಮನೆಯ ಹುಡುಗಿ ಅಂಥ ಒಂದು ಶೆಡ್ಡಿಗೆ ಸಿಪ್ಪೆ ತೆಗೆಯಲು ಹೋಗುತ್ತಾಳೆ. ಹದಿನಾಲ್ಕು ಮಂದಿ ಹೆಂಗಸರು. ಮೊನ್ನೆ ಸಂಜೆ ಕೇಳಿದೆ, ಶಟರು ಬಿಟ್ಟು ಬೇರೆ ಬಾಗಿಲು ಇಲ್ಲವಾ ಎಂದು.

"ಹಿಂದೆ ಒಂದು ಉಂಟಕ್ಕ. ಅದಕ್ಕೆ ಅಡ್ಡ ಬೀಜದ ಗೋಣಿ ಪೇರಿಸಿದ್ದಾರೆ."

"ತೆಗೀಲಿಕ್ಕೆ ಹೇಳಲಿಲ್ವಾ?"

"ಹೇಳಿದ್ರೆ ಮತ್ತೆ ಎಲ್ಲಿ ಇಡುದು ಅಂತ ಕೇಳ್ತಾರೆ."

ಭಾನುವಾರ ಅವಳ ಜೊತೆ ಹೋಗಿ ನೋಡಿದೆ. ಇಪ್ಪತ್ತೆರಡು ಗೋಣಿ. ಶೆಡ್ಡಿನ ಬಲಬದಿಯ ಗೋಡೆಯುದ್ದಕ್ಕೂ ಜಾಗ ಖಾಲಿ ಇತ್ತು. ಕಾವಲಿಗಿದ್ದ ಹುಡುಗನೂ ಕೈಕೊಟ್ಟ, ಒಂದು ಗಂಟೆಯಲ್ಲಿ ಎಲ್ಲ ಸರಿಸಿದೆವು. ಹಿಂದಿನ ಬಾಗಿಲು ಕಂಡಿತು. ಕಬ್ಬಿಣದ ಅಡ್ಡಪಟ್ಟಿಗೆ ಬೀಗ. ಕೀಲಿಕೈ ಧಣಿಗಳ ಮನೆಯಲ್ಲಿ ಉಂಟು, ಅವರು ಕಾಣಿಯೂರಿನ ಪೇಟೆಯ ಹತ್ತಿರವೇ ಇರುವುದು, ಕೇಳಿದರೆ ಕೊಟ್ಟಾರು ಎಂದಳು. ಬಿಸಿಲು ಇಳಿದಿತ್ತು. ಕೈಯ ಧೂಳು ಕೊಡವಿ ನಾವಿಬ್ಬರೂ ಆ ಕಡೆ ಹೊರಟೆವು.